ಕಾಗಿಣೆಯ ತೀರದ ಕಡುಬು, ಪೋಲೆಂಡಿನ ಪಿಯೆರೋಗಿ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕರಿಮಣ್ಣಿನ ಹೊಲಗಳಲ್ಲಿ ತೊಗರಿ ಕಾಯಿಗಟ್ಟಿ ನಿಂತಿರುವ ಮಾರ್ಗಶಿರದ ಕೊನೆಗೆ ಎಳ್ಳಮಾವಾಸ್ಯೆ ಬರುತ್ತದೆ. ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ನಡೆದು, ಪೈರಿಗೆ ಚರಗ ಚೆಲ್ಲಿ, ದಾರಿಹೋಕರನ್ನೂ ಕರೆದು ಉಣಬಡಿಸುವ ಆ ದಿನ ಸಜ್ಜೆರೊಟ್ಟಿ, ಭಜ್ಜಿಗಳ ಸಂಗಡ ಕಡುಬೂ ಇರಬೇಕು. ಹೆಚ್ಚುಕಡಮೆ ಅದೇ ಋತುವಿನಲ್ಲಿ, ಡಿಸೆಂಬರ್ 24ರ ಸಂಜೆ, ಪೋಲೆಂಡಿನ ಮನೆಗಳಲ್ಲಿ ಹುಳಿಬರಿಸಿದ ಎಲೆಕೋಸನ್ನೂ ಒಣಗಿಸಿದ ಅಣಬೆಯನ್ನೂ ತುಂಬಿದ ಪಿಯೆರೋಗಿಗಳು ಬೇಯುತ್ತಿರುತ್ತವೆ. ಅನಿರೀಕ್ಷಿತವಾಗಿ ಬರಬಹುದಾದ ಅತಿಥಿಗೆಂದು ಅಲ್ಲಿ ಒಂದು ತಟ್ಟೆಯನ್ನು ಬರಿದಾಗಿಯೇ ಇಡುವುದು ಸಂಪ್ರದಾಯ. ಆ ದೇಶದ ಸಾವಿರಾರು ನಿರಾಶ್ರಿತರು, ಬಹುಪಾಲು ಸ್ತ್ರೀಯರು ಮತ್ತು ಮಕ್ಕಳು, 1943ರಿಂದ 1948ರವರೆಗೆ ನಮ್ಮ ಗಡಿಗೆ ಹೊಂದಿಕೊಂಡ ಕೊಲ್ಹಾಪುರದ ವಳಿವಡೆಯಲ್ಲಿ ನೆಲೆಸಿದ್ದರೆಂಬುದನ್ನು ನೆನೆದಾಗ, ಈ ಖಾದ್ಯ ನಮಗೆ ತೀರ ಅಪರಿಚಿತರದೆಂದು ಭಾವಿಸಲು ಮನಸ್ಸೊಪ್ಪದು.

ಎರಡರ ಆಕಾರವೂ ಅರ್ಧಚಂದ್ರ, ಎರಡೂ ಬೇಯುವುದು ಕುದಿನೀರಿನಲ್ಲಿ. ಒಳಗಣ ಹೂರಣ ಮಾತ್ರ ಆಯಾ ನೆಲದ್ದು. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲಬುರಗಿಯ ತೊಗರಿಬೇಳೆ ಮನೆಯಲ್ಲಿರುವಾಗ ಕಡಲೆಬೇಳೆಯನ್ನು ಅರಸುವ ಅಗತ್ಯವಿಲ್ಲವೆಂಬುದು ನನ್ನ ಮತ. ಬೇಳೆಯನ್ನು ಬೆರಳಲ್ಲಿ ಹಿಚುಕಿದರೆ ಮೆದುವಾಗುವಷ್ಟು ಬೇಯಿಸಿ, ಕಟ್ಟನ್ನು ಸಾರಿಗೆಂದು ಬಸಿದಿಟ್ಟು, ಬೆಲ್ಲ ಬೆರೆಸಿ, ನೆಟ್ಟ ಸೌಟು ನೆಟ್ಟಗೆ ನಿಲ್ಲುವವರೆಗೆ ಬತ್ತಿಸಿ, ಏಲಕ್ಕಿ ಒಣಶುಂಠಿಗಳೊಡನೆ ರುಬ್ಬಬೇಕು. ಹೂರಣ ಸಡಿಲಾದರೆ ಕಡುಬು ಒಡೆಯುವುದು ನಿಶ್ಚಯ.

ಗೋದಿಹಿಟ್ಟಿನ ಕಣಕ ಅರ್ಧ ಗಂಟೆಯಾದರೂ ನೆನೆಯಲಿ. ಶಹಾಬಾದಿನ ನುಣುಪು ಹಾಸುಗಲ್ಲಿನ ಕಟ್ಟೆಯ ಮೇಲೆ ಅದನ್ನು ತೆಳ್ಳಗೆ ಲಟ್ಟಿಸಿ, ನಡುವೆ ಹೂರಣವಿಟ್ಟು ಮಡಿಸಿ, ಒಳಗಿನ ಗಾಳಿಯನ್ನು ಹೊರದೂಡುತ್ತ ಅಂಚನ್ನು ಒತ್ತಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಮುರಿಗೆ ಹಾಕುತ್ತ ಹೋಗುವುದರಲ್ಲಿಯೇ ಈ ಕಲೆಯ ಸರ್ವಸ್ವವೂ ಅಡಗಿದೆ. ಅಂಚಿಗೆ ಹೂರಣದ ಒಂದು ಕಣ ತಾಗಿದರೂ ಅಲ್ಲಿ ಬೆಸುಗೆ ನಿಲ್ಲದು. ಪಿಯೆರೋಗಿ ಮಾಡುವವರು ಹಿಟ್ಟನ್ನು ಲೋಟದ ಬಾಯಿಂದ ವೃತ್ತಾಕಾರವಾಗಿ ಕತ್ತರಿಸಿಕೊಳ್ಳುತ್ತಾರೆ. ಮಡಿಸುವ ಕೈಯ ಎಚ್ಚರ ಮಾತ್ರ ಅದೇ. ನೀರು ಕೊತಕೊತನೆ ಕುದಿಯದೆ ಮೆಲ್ಲಗೆ ಕುದಿಯುತ್ತಿರಬೇಕು. ತಳಕ್ಕಿಳಿದದ್ದು ಮೇಲಕ್ಕೆ ತೇಲಿದ ಮೇಲೂ ತುಸು ಹೊತ್ತು ಬೇಯಬೇಕು.

ನಾಗರಪಂಚಮಿಯಂದು ಹೆಂಚಿಡಬಾರದು, ಕರಿಯಬಾರದು ಎಂಬ ನಿಯಮ ಪಾಲಿಸುವ ಮನೆಗಳಲ್ಲಿ ಕುದಿಸಿದ ಕಡುಬು ಇನ್ನೂ ಉಳಿದುಕೊಂಡಿದೆ. ವಾಡಿಯ ರೈಲ್ವೆ, ಸಿಮೆಂಟು ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ಕುಟುಂಬಗಳಿಗೆ ಹಬ್ಬದಂದೂ ಬಿಡುವು ಅಲ್ಪವೆಂಬುದು ನಿಜವಾದರೂ, ಹೂರಣವನ್ನು ಹಿಂದಿನ ರಾತ್ರಿಯೇ ಸಿದ್ಧಪಡಿಸಿಟ್ಟರೆ ಮಿಕ್ಕ ಕೆಲಸವನ್ನು ಮಕ್ಕಳೂ ಹಂಚಿಕೊಳ್ಳಬಲ್ಲರು.

ಬೇಯಿಸಿದ ಆಲೂಗಡ್ಡೆಯನ್ನೂ ಒಡೆದ ಹಾಲಿನ ಗಟ್ಟಿಯನ್ನೂ ಉಪ್ಪು ಮೆಣಸಿನೊಡನೆ ಕಲಸಿ ತುಂಬಿ, ಬೆಂದ ಮೇಲೆ ಬೆಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿಯನ್ನು ಮೇಲೆ ಹರಡಿದರೆ ಪೋಲೆಂಡಿನ ರುಚಿಯೂ ನಮ್ಮ ಒಲೆಯ ಮೇಲೆಯೇ ದೊರಕುತ್ತದೆ. ಅದನ್ನೂ ಒಮ್ಮೆ ಮಾಡಿ ನೋಡಿರಿ. ಆದರೆ ತುಪ್ಪ ಸುರಿದು ಉಣ್ಣುವ ತೊಗರಿಹೂರಣದ ಕಡುಬನ್ನು ಮಾತ್ರ ಮನೆಯಿಂದ ಬಿಟ್ಟುಕೊಡದಿರಿ.