ಹೊಳೆಮತ್ತಿಯ ತೊಗಟೆ: ಕಷಾಯಕ್ಕೆ ತೆಗೆಯಿರಿ, ಮರವನ್ನು ಉಳಿಸಿ



ಸೋಸಲೆ ಹೋಬಳಿಯ ಊರುಗಳಲ್ಲಿ ಹೊಳೆಯ ದಡದಲ್ಲೋ ನಾಲೆಯ ಏರಿಯ ಮೇಲೋ ಬಿಳಿಚಿಕೊಂಡ ಬೊಡ್ಡೆಯ ದೊಡ್ಡ ಮರವೊಂದನ್ನು ತಾವು ದಿನವೂ ಕಾಣುತ್ತೀರಿ. ಅದೇ ಹೊಳೆಮತ್ತಿ. ತೊರೆಮತ್ತಿ, ನೀರುಮತ್ತಿ, ಬಿಳಿಮತ್ತಿ ಎಂದೂ ಇದನ್ನು ಕರೆಯುವುದುಂಟು. ಆಯುರ್ವೇದದಲ್ಲಿ ಇದರ ಹೆಸರು ಅರ್ಜುನ. ಸಸ್ಯಶಾಸ್ತ್ರಜ್ಞರು ಟರ್ಮಿನೇಲಿಯ ಅರ್ಜುನ ಎನ್ನುತ್ತಾರೆ. ಕಾವೇರಿ ಮತ್ತು ಕಪಿಲೆ ತಿರುಮಕೂಡಲಿನಲ್ಲಿ ಕೂಡುವ ಈ ಸೀಮೆ ಇದಕ್ಕೆ ಹೇಳಿ ಮಾಡಿಸಿದ ನೆಲ. ಕೆಳಗೆ ಕಾವೇರಿ ವನ್ಯಧಾಮದವರೆಗೂ ಹೊಳೆಯ ಎರಡು ದಡಗಳಲ್ಲಿ ಈ ಮರದ ಸಾಲುಗಳಿವೆ.

ಇದರ ತೊಗಟೆಯ ಕಷಾಯ ಗುಂಡಿಗೆಗೆ ಒಳ್ಳೆಯದೆಂಬ ಮಾತು ಹಳೆಯದು. ಆದರೆ 2020ರ ಕೊರೋನಾ ಕಾಲದಿಂದ ಈಚೆಗೆ ಕಷಾಯದ ರೂಢಿ ಮನೆಮನೆಗೂ ಹಬ್ಬಿತು. ಅಮೃತಬಳ್ಳಿಯ ಕಾಂಡ, ಬೇವಿನ ಕಡ್ಡಿ, ಮತ್ತಿಯ ಚಕ್ಕೆ, ಹೀಗೆ ಒಂದೊಂದೇ ಒಲೆಯ ಮೇಲೆ ಬಂದವು. ಕಡ್ಡಿ ಮುರಿದರೆ ಬೇವಿಗೆ ನಷ್ಟವಿಲ್ಲ. ಇನ್ನೊಂದು ಚಿಗುರು ಬರುತ್ತದೆ. ಬೊಡ್ಡೆಯ ತೊಗಟೆಯ ವಿಚಾರ ಹಾಗಲ್ಲ. ಅದನ್ನು ತೆಗೆಯುವ ಕ್ರಮ ತಪ್ಪಿದರೆ ಐವತ್ತು ವರ್ಷದ ಮರ ಒಂದೆರಡು ವರ್ಷಗಳಲ್ಲಿ ಒಣಗಿ ನಿಲ್ಲುತ್ತದೆ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಅದೇ.

ಮರದ ಗುರುತು

ಮತ್ತಿಯಲ್ಲಿ ಎರಡು ಜಾತಿಗಳನ್ನು ನಮ್ಮವರು ಬಲ್ಲರು. ಕರಿಮತ್ತಿ ಕಾಡಿನ ಮರ. ಅದರ ತೊಗಟೆ ಕಪ್ಪಾಗಿ, ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಆಳಕ್ಕೆ ಬಿರಿದಿರುತ್ತದೆ. ಹೊಳೆಮತ್ತಿಯ ತೊಗಟೆ ನುಣುಪು, ಬೂದುಬಿಳುಪು. ತೆಳುವಾದ ಹಾಳೆಗಳಾಗಿ ತಾನಾಗಿಯೇ ಕಳಚಿ ಬೀಳುತ್ತಿರುತ್ತದೆ. ಅದನ್ನು ಸ್ವಲ್ಪ ಕೆರೆದರೆ ಒಳಗೆ ನಸುಗೆಂಪು ಬಣ್ಣ ಕಾಣಿಸುತ್ತದೆ. ಎಲೆ ಸೀಬೆಯ ಎಲೆಯನ್ನು ಹೋಲುತ್ತದೆ; ತೊಟ್ಟು ಸೇರುವಲ್ಲಿ ಎರಡು ಸಣ್ಣ ಗಂಟುಗಳಿರುತ್ತವೆ. ಕಾಯಿಗೆ ಉದ್ದಕ್ಕೂ ಐದು ಏಣುಗಳು. ಕಮರಾಕ್ಷಿಯನ್ನು ಒಣಗಿಸಿ ಚಿಕ್ಕದು ಮಾಡಿದಂತೆ ಕಾಣುತ್ತದೆ. ಎಲೆ, ತೊಗಟೆ, ಕಾಯಿ ಮೂರೂ ಹೊಂದಿಕೆಯಾದರೆ ಮಾತ್ರ ಮುಂದುವರಿಯಬೇಕು. ಸಂತೆಯಲ್ಲಿ ಪುಡಿ ಮಾಡಿ ಮಾರುವ ತೊಗಟೆಯ ಗುರುತನ್ನು ಯಾರೂ ಹೇಳಲಾರರು.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕರಾವಳಿಯ ಉದಾಹರಣೆ ಸಾಕು. ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡಿನ ಕಡೆ ಆಟಿ ಅಮಾವಾಸ್ಯೆಯ ದಿನ ಹಾಲೆಮರದ ತೊಗಟೆಯ ರಸವನ್ನು ಬರಿಹೊಟ್ಟೆಯಲ್ಲಿ ಕುಡಿಯುವ ಪದ್ಧತಿಯಿದೆ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾರೆ. ಆ ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆಯನ್ನು ತಂದು ಕುಡಿದು ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಕಾಸರಕದ ತೊಗಟೆಯಲ್ಲಿ ಸ್ಟ್ರಿಕ್ನೀನ್ ಮತ್ತು ಬ್ರೂಸೀನ್ ಎಂಬ ಘೋರ ವಿಷಗಳಿವೆ. ಹಾಲೆಯ ತೊಗಟೆ ಗಾಯಗೊಂಡರೆ ಬಿಳಿ ಹಾಲು ಸುರಿಯುತ್ತದೆ, ಎಲೆಗಳು ಒಂದೇ ಗೆಣ್ಣಿನಲ್ಲಿ ಏಳರಂತೆ ಸುತ್ತುಗಟ್ಟಿರುತ್ತವೆ. ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರು. ಹಗಲಿನಲ್ಲಿ ನೋಡಿದವನಿಗೆ ತಪ್ಪುವ ಸಂಭವವೇ ಇಲ್ಲ. ಯಾವ ಮರವೇ ಆಗಲಿ, ಹಗಲಲ್ಲಿ ಗುರುತು ಮಾಡಿಡಬೇಕು.

ಸುತ್ತ ಸುಲಿದ ಮರ ಏಕೆ ಸಾಯುತ್ತದೆ?

ಸೋಸಲೆಯ ಸಮೀಪ ನಾಲೆಯ ಏರಿಯ ಮೇಲಿನ ಮತ್ತಿಯೊಂದಕ್ಕೆ ಎದೆಯೆತ್ತರದಲ್ಲಿ ಒಂದು ಗೇಣು ಅಗಲದ ಉಂಗುರ ತೆಗೆದಿದ್ದರು. ಇದು ಉಳಿಯುವುದಿಲ್ಲ ಎಂದಾಗ ಜೊತೆಗಿದ್ದ ರೈತರೊಬ್ಬರು, "ಎಲೆ ಹಸುರಾಗೇ ಅದಲ್ಲ ಸಾ, ಸಾಯ್ತದೆ ಅಂತ ಹೆಂಗೇಳ್ತೀರಿ?" ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ತಮ್ಮ ಸೀಬೆ, ದಾಳಿಂಬೆಯ ತೋಟದಲ್ಲಿಯೇ ಇದೆ.

ಗೂಟಿ ಕಟ್ಟುವಾಗ ರೆಂಬೆಯ ಸುತ್ತ ಒಂದು ಅಂಗುಲದಷ್ಟು ತೊಗಟೆಯನ್ನು ಉಂಗುರದಂತೆ ತೆಗೆಯುತ್ತೀರಷ್ಟೆ. ಆದರೂ ರೆಂಬೆಯ ಎಲೆ ಬಾಡುವುದಿಲ್ಲ. ಉಂಗುರದ ಮೇಲಂಚಿನಲ್ಲಿ ಬೇರು ಒಡೆಯುತ್ತದೆ. ಬೇರಿನಿಂದ ನೀರು ಮೇಲೇರುವುದು ಒಳಗಿನ ಕಟ್ಟಿಗೆಯ ಮೂಲಕ, ಅದಕ್ಕೆ ಪೆಟ್ಟಾಗಿಲ್ಲ. ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯುವುದು ಒಳತೊಗಟೆಯ ಮೂಲಕ. ಆ ದಾರಿ ಕಡಿದುಹೋದ್ದರಿಂದ ಆಹಾರ ಉಂಗುರದ ಮೇಲೆಯೇ ನಿಂತು ಬೇರಾಗುತ್ತದೆ. ರೆಂಬೆಗೆ ಮಾಡಿದ ಇದೇ ಕೆಲಸವನ್ನು ಬೊಡ್ಡೆಗೆ ಮಾಡಿದರೆ ಕೆಳಗಿನ ಬೇರಿಗೆ ಊಟ ನಿಂತಂತಾಯಿತು. ಬೇರು ಕೂಡಿಟ್ಟ ಆಹಾರದ ಮೇಲೆ ಕೆಲವು ತಿಂಗಳು, ಒಂದೊಂದು ಸಲ ವರ್ಷಕ್ಕೂ ಮೇಲೆ ಬದುಕುತ್ತದೆ. ಅಷ್ಟೂ ದಿನ ಎಲೆ ಹಸುರೇ. ಬೇರು ಸತ್ತ ಮೇಲೆ ಮರ ಒಮ್ಮೆಗೇ ಒಣಗುತ್ತದೆ. ಅಷ್ಟರಲ್ಲಿ ಸುಲಿದವರಿಗೆ ಸುಲಿದದ್ದೇ ಮರೆತಿರುತ್ತದೆ, ಮರಕ್ಕೆ ಯಾವುದೋ ರೋಗ ಬಂತೆನ್ನುತ್ತಾರೆ.

2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡು, ತಿ. ನರಸೀಪುರದ ಹೊಳೆದಂಡೆಯ ಜಮೀನುಗಳಿಗೆ ನುಗ್ಗಿದ್ದನ್ನು ತಾವು ಮರೆತಿರಲಾರಿರಿ. ದಡದ ಮಣ್ಣನ್ನು ಹಿಡಿದು ನಿಲ್ಲಿಸುವುದು ಇಂಥ ಮರಗಳ ಬೇರು. ದಡದ ಮತ್ತಿ ಸತ್ತರೆ ಅದರ ಹಿಂದಿನ ಗದ್ದೆಯ ಬದುವಿಗೂ ಅಪಾಯ.

ತೊಗಟೆ ತೆಗೆಯುವ ಕ್ರಮ

ಮೊದಲು ಒಂದು ಲೆಕ್ಕ. ದಿನಕ್ಕೆ 5 ಗ್ರಾಂ ಒಣ ತೊಗಟೆಯಂತೆ ಒಬ್ಬರಿಗೆ ತಿಂಗಳಿಗೆ ಬೇಕಾಗುವುದು 150 ಗ್ರಾಂ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಪಟ್ಟಿಯಿಂದ ಇದು ಧಾರಾಳವಾಗಿ ದೊರೆಯುತ್ತದೆ. ಮನೆಬಳಕೆಗೆ ಮರವನ್ನು ಸುತ್ತ ಸುಲಿಯುವ ಪ್ರಮೇಯವೇ ಬರುವುದಿಲ್ಲ.

ಜಬಲ್ಪುರದ ಉಷ್ಣವಲಯ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಮರದ ಮೇಲೆಯೇ ಪ್ರಯೋಗ ನಡೆಸಿ ಕ್ರಮವನ್ನು ತಿಳಿಸಿದ್ದಾರೆ. ಬೊಡ್ಡೆಯ ಸುತ್ತಳತೆಯ ಕಾಲುಭಾಗಕ್ಕಿಂತ ಹೆಚ್ಚು ಅಗಲದ ಪಟ್ಟಿ ತೆಗೆಯಬಾರದು. ಹೊರ ಮತ್ತು ನಡುತೊಗಟೆಯನ್ನಷ್ಟೇ ಎಬ್ಬಿ, ಒಳತೊಗಟೆಯನ್ನು ಮರದ ಮೇಲೆಯೇ ಬಿಡಬೇಕು. ಹೀಗೆ ಮಾಡಿದರೆ 18ರಿಂದ 24 ತಿಂಗಳಲ್ಲಿ ಆ ಜಾಗದಲ್ಲಿ ಹೊಸ ತೊಗಟೆ ಕೂಡುತ್ತದೆ. ಅದು ಕೂಡಿದ ಮೇಲೆ ಎದುರು ಪಕ್ಕದಲ್ಲಿ ಇನ್ನೊಂದು ಪಟ್ಟಿ ತೆಗೆಯಬಹುದು. ನಾಲ್ಕು ಅಡಿ ಸುತ್ತಳತೆಯ ಮರಕ್ಕೆ ಪಟ್ಟಿಯ ಅಗಲ ಒಂದು ಅಡಿ ಮೀರಕೂಡದು ಎಂದಾಯಿತು. ಸುತ್ತಳತೆ ಎರಡು ಅಡಿಗಿಂತ ಕಡಿಮೆಯಿರುವ ಎಳೆಯ ಮರವನ್ನು ಮುಟ್ಟದಿರುವುದೇ ಲೇಸು. ಪಟ್ಟಿ ಮೇಲಿಂದ ಕೆಳಕ್ಕೆ ಉದ್ದುದ್ದವಾಗಿರಲಿ, ಅಡ್ಡಡ್ಡವಾಗಿ ಬೇಡ.

ಮಳೆಗಾಲದಲ್ಲಿ ಮರಕ್ಕೆ ರಸ ಏರಿರುತ್ತದೆ. ಗೂಟಿಗೆ ಅದು ಒಳ್ಳೆಯ ಕಾಲ, ಏಕೆಂದರೆ ತೊಗಟೆ ಬುಡಸಮೇತ ಸುಲಭವಾಗಿ ಕಳಚುತ್ತದೆ. ಅದೇ ಕಾರಣಕ್ಕೆ ಮತ್ತಿಯ ತೊಗಟೆ ತೆಗೆಯಲು ಅದು ಕೆಟ್ಟ ಕಾಲ. ಕಾರ್ತಿಕ ಕಳೆದು ಒಣಹವೆ ಬಿದ್ದ ಮೇಲೆ, ಹರಿತವಾದ ಸಣ್ಣ ಬಾಚಿಯಿಂದ ಚಕ್ಕೆ ಚಕ್ಕೆಯಾಗಿ ಎಬ್ಬಬೇಕು. ಕೈ ತಪ್ಪಿ ಬಿಳಿಯ ಕಟ್ಟಿಗೆ ಕಂಡರೆ ಅಲ್ಲಿಗೇ ನಿಲ್ಲಿಸಿ, 100 ಗ್ರಾಂ ಮೈಲುತುತ್ತ ಮತ್ತು 100 ಗ್ರಾಂ ಸುಣ್ಣವನ್ನು ಬೇರೆ ಬೇರೆ ಕರಗಿಸಿ ಒಟ್ಟು ಒಂದು ಲೀಟರ್ ನೀರಿನಲ್ಲಿ ತಯಾರಿಸಿದ ಬೋರ್ಡೋ ಮುಲಾಮನ್ನು ಗಾಯಕ್ಕೆ ಬಳಿಯಿರಿ. ಮುಲಾಮು ಬಳಿದ ಮರದ ತೊಗಟೆಯನ್ನು ಮತ್ತೆ ಕಷಾಯಕ್ಕೆ ತೆಗೆಯುವಂತಿಲ್ಲ. ಕೀಟನಾಶಕ ಸಿಂಪಡಿಸುವ ಗದ್ದೆಯ ಅಂಚಿನ ಮರವೂ, ಲಾರಿ ಬಸ್ಸುಗಳ ಹೊಗೆ ತಿನ್ನುವ ರಸ್ತೆಬದಿಯ ಮರವೂ ಬೇಡ. ಹೊಳೆದಂಡೆ ಮತ್ತು ನಾಲೆ ಏರಿಯ ಮರಗಳು ಸರ್ಕಾರದವು. ಅನುಮತಿಯಿಲ್ಲದೆ ಅವುಗಳ ತೊಗಟೆ ತೆಗೆಯುವ ಹಕ್ಕು ನಮಗಿಲ್ಲ.

ಎಬ್ಬಿದ ತೊಗಟೆಯನ್ನು ತೊಳೆದು, ತುಂಡು ಮಾಡಿ, ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಬೇಕು. ಬಗ್ಗಿಸಿದರೆ ಪಟ್ಟನೆ ಮುರಿಯುವಂತಾದಾಗ ಡಬ್ಬಿಗೆ ತುಂಬಿ. ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಹಾಕಿ, ತೊಳೆದು ಬಳಸುವ ಉಳಿತಾಯ ಬೇಡ.

ಕಾಯಿಸುವುದು

ಮತ್ತಿಯನ್ನು ಹಾಲಿನಲ್ಲಿ ಕಾಯಿಸುವುದು ಶಾಸ್ತ್ರೋಕ್ತ ಕ್ರಮ. ಇದಕ್ಕೆ ಕ್ಷೀರಪಾಕ ಎನ್ನುತ್ತಾರೆ. ಔಷಧಿ ಒಂದು ಪಾಲು, ಹಾಲು 8 ಪಾಲು, ನೀರು 32 ಪಾಲು. ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯುವವರೆಗೆ ಸಣ್ಣ ಉರಿ. ಎಂದರೆ 5 ಗ್ರಾಂ ತರಿಪುಡಿಗೆ 40 ಮಿಲಿಲೀಟರ್ ಹಾಲು, 160 ಮಿಲಿಲೀಟರ್ ನೀರು. ಭಾರತೀಯ ಆಯುರ್ವೇದ ಔಷಧಕೋಶದಲ್ಲಿ ದಿನದ ಪ್ರಮಾಣ 3ರಿಂದ 6 ಗ್ರಾಂ ಎಂದಿದೆ. ಗಿಡಮೂಲಿಕೆ ಎಷ್ಟು ಕುಡಿದರೂ ತೊಂದರೆಯಿಲ್ಲ ಎನ್ನುವವರು ಊರಿಗೊಬ್ಬರಾದರೂ ಇರುತ್ತಾರೆ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಹೇಳುವುದನ್ನು ಕೇಳಿದ್ದೀರಿ. ಆ ಗುಲಗಂಜಿಯನ್ನೇ ಅಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಮೂಲಿಕೆಯ ಮಟ್ಟಿಗೆ ತೂಕವೇ ಮುಖ್ಯ.

ಕಾಯಿಸಲು ಸ್ಟೀಲಿನ ಅಥವಾ ಮಣ್ಣಿನ ಪಾತ್ರೆ ಇರಲಿ. ಮತ್ತಿಯ ತೊಗಟೆಯಲ್ಲಿ ಸುಮಾರು ಶೇಕಡ 20ರಷ್ಟು ಒಗರು ಪದಾರ್ಥ, ಅಂದರೆ ಟ್ಯಾನಿನ್ ಇದೆ. ಕಬ್ಬಿಣ ತಾಗಿದರೆ ಅದು ಕಪ್ಪಾಗುತ್ತದೆ. ಹಿಂದಿನವರು ಮತ್ತಿಯ ದಾಯಾದಿಯಾದ ಅಳಲೆಕಾಯಿಗೆ ಅಣ್ಣಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಹೊಟ್ಟೆಯಲ್ಲಿಯೂ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಆದುದರಿಂದ ಊಟದ ಜೊತೆಗೆ ಇದನ್ನು ಕುಡಿಯಬಾರದು; ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಕುಡಿಯಲೇಬಾರದು.

ಎಷ್ಟು ನಂಬಬೇಕು?

ಹೃದ್ರೋಗಕ್ಕೆ ಅರ್ಜುನದ ತೊಗಟೆಯನ್ನು ಹೇಳಿದವರಲ್ಲಿ ವಾಗ್ಭಟನ ಹೆಸರು ಮೊದಲು ಬರುತ್ತದೆ. ಈ ಕಾಲದ ಪರೀಕ್ಷೆಗಳ ಫಲ ಒಂದೇ ರೀತಿಯದಲ್ಲ. 1995ರಲ್ಲಿ ಇಂದೋರಿನ ವೈದ್ಯರು ಹೃದಯ ವೈಫಲ್ಯದ 12 ರೋಗಿಗಳಿಗೆ, ನಡೆಯುತ್ತಿದ್ದ ಮಾತ್ರೆಗಳ ಜೊತೆಗೆ ತೊಗಟೆಯ ಸಾರವನ್ನು ಕೊಟ್ಟು ಗುಣ ಕಂಡರು. 2016ರಲ್ಲಿ ಪ್ರಕಟವಾದ, 100 ರೋಗಿಗಳ ಮೇಲಿನ 12 ವಾರಗಳ ಪರೀಕ್ಷೆಯಲ್ಲಿ ಹೃದಯದ ಪಂಪಿನ ಶಕ್ತಿ ಹೆಚ್ಚಿದ್ದು ಕಾಣಲಿಲ್ಲ. ಇವೆರಡನ್ನೂ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಇದು ಮಾತ್ರೆಯ ಜಾಗಕ್ಕೆ ಬರುವ ಔಷಧಿಯಲ್ಲ. ರಕ್ತದೊತ್ತಡ, ಸಕ್ಕರೆ, ಹೃದಯದ ಮಾತ್ರೆ ನುಂಗುತ್ತಿರುವವರು ಕಷಾಯದ ಭರವಸೆಯಲ್ಲಿ ಅದನ್ನು ನಿಲ್ಲಿಸಿದರೆ ಮರವನ್ನು ಉಂಗುರ ಸುಲಿದಷ್ಟೇ ಅಪಾಯ. ಆ ದಿನ ಏನೂ ಕಾಣುವುದಿಲ್ಲ. ಎದೆ ಹಿಡಿದುಕೊಂಡರೆ, ತಣ್ಣನೆ ಬೆವರು ಬಂದರೆ ಒಲೆ ಹಚ್ಚುತ್ತ ಕೂರದೆ ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಜಯದೇವ ಆಸ್ಪತ್ರೆಗೋ ಹೊರಡಬೇಕು.

ಅಮೃತಬಳ್ಳಿಯ ವಿಚಾರದಲ್ಲಿಯೂ ಒಂದು ಮಾತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ ಆರು ಮಂದಿಗೆ ಯಕೃತ್ತಿನ ತೊಂದರೆಯಾದುದನ್ನು ವರದಿ ಮಾಡಿದರು. ಅದೇ ರೂಪದ ಬೇರೆ ಬಳ್ಳಿ ಬಳಸಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ಅಲ್ಲಿಯೂ ಗುರುತಿನ ಪ್ರಶ್ನೆಯೇ ಬಂತು.

ಸ್ವಂತ ಮರ ಬೆಳೆಸಿರಿ

ಹೊಳೆಯ ಮರಕ್ಕೆ ಕೈಹಾಕುವ ಬದಲು ನಿಮ್ಮ ಜಮೀನಿನಲ್ಲಿಯೇ ಎರಡು ಮತ್ತಿ ಇರಲಿ. ನಾಲೆಯ ಜೌಗಿನಿಂದ ಭತ್ತ ಸೊರಗುವ ಮೂಲೆ, ಚೌಳು ಹಿಡಿದ ತುಂಡು ಸೋಸಲೆಯ ಸುತ್ತ ಹಲವರಲ್ಲಿದೆ. ನೀರು ನಿಲ್ಲುವುದನ್ನೂ ಚೌಳನ್ನೂ ಮತ್ತಿ ಚೆನ್ನಾಗಿ ತಡೆಯುತ್ತದೆ. ಫೆಬ್ರವರಿಯಿಂದ ಮೇ ತಿಂಗಳೊಳಗೆ ಮರದಡಿ ಬಿದ್ದ ಬಲಿತ ಕಾಯಿಗಳನ್ನು ಆರಿಸಿ, 48 ಗಂಟೆ ನೀರಿನಲ್ಲಿ ನೆನೆಸಿ, ಗೊಬ್ಬರ ಬೆರೆಸಿದ ಮಣ್ಣಿನ ಚೀಲಕ್ಕೆ ಎರಡೆರಡರಂತೆ ಹಾಕಿ. ಮೊಳೆಯಲು 50ರಿಂದ 75 ದಿನ ಹಿಡಿಯುತ್ತದೆ, ಅದೂ ನೂರಕ್ಕೆ ಐವತ್ತು ಅರವತ್ತು ಮಾತ್ರ. ತಿಂಗಳಾದರೂ ಬರಲಿಲ್ಲವೆಂದು ಚೀಲ ಚೆಲ್ಲಿದವರು ಹಲವರು, ತಾವು ಚೆಲ್ಲಬೇಡಿ. ಒಂದು ವರ್ಷದ ಸಸಿಯನ್ನು ಮುಂಗಾರಿನಲ್ಲಿ, ಒಂದೂವರೆ ಅಡಿ ಗುಂಡಿಯಲ್ಲಿ, ಗದ್ದೆಯ ಮೇಲೆ ನೆರಳು ಬೀಳದಂತೆ ಉತ್ತರದ ಬದುವಿನಲ್ಲಿ 20 ಅಡಿಗೊಂದರಂತೆ ನೆಡಿ. ಮೊದಲೆರಡು ಬೇಸಿಗೆ ನೀರು ಬೇಕು, ಆಡು ದನಗಳಿಂದ ಬೇಲಿ ಬೇಕು.

ತೊಗಟೆಗೆ ಬರಲು ಸುಮಾರು 15 ವರ್ಷ ಕಾಯಬೇಕು. ಮುಂದೆ ಮರ ಕಡಿಯುವ ಯೋಚನೆ ಬಂದರೆ, ಸ್ವಂತ ಜಮೀನಿನದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು. ಚೌಳು ಎಷ್ಟಿದೆಯೆಂದು ತಿಳಿಯದವರು ಸಸಿ ನೆಡುವ ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಿಕೊಳ್ಳಲಿ. ಈ ವಿಚಾರದಲ್ಲಿ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು.