ಹಡಪದೊಳಗಿನ ಕಲ್ಲು: ಗುಜರಿಗೆ ಹಾಕೋ ಮುಂಚೆ ಒಂದು ಹನಿ ನೀರು ಬಿಟ್ಟು ನೋಡಿ!

ಅಜ್ಜಂಪುರ: ಮೊನ್ನೆ ರೈಲ್ವೆ ಸ್ಟೇಷನ್ ಕಡೆಯಿಂದ ಬರ್ತಾ ಇದ್ದೆ. ಒಂದು ಮನೆ ಮುಂದೆ ಗುಜರಿ ಗಾಡಿ ನಿಂತಿತ್ತು. ತಕ್ಕಡಿಗೆ ಬಿದ್ದದ್ದು ಒಂದು ತಗಡಿನ ಟ್ರಂಕು, ಕಿಲುಬು ಹಿಡಿದ ಎರಡು ಕ್ಷೌರದ ಕತ್ತಿ, ಚರ್ಮದ ಪಟ್ಟಿ. ಮೇಲೆ ಅಂಗೈ ಅಗಲದ ಒಂದು ಕಪ್ಪು ಕಲ್ಲು. "ಕಲ್ಲು ತೂಕಕ್ಕೆ ಬೇಡ" ಅಂತ ಗಾಡಿಯವನು ಅದನ್ನು ಚರಂಡಿ ಪಕ್ಕಕ್ಕೆ ಎಸೆದ. ಜಗಲಿ ಮೇಲೆ ಕೂತಿದ್ದ ಅಜ್ಜ ಏನೂ ಹೇಳಲಿಲ್ಲ. ಆದರೆ ಅವರ ಕಣ್ಣು ಟ್ರಂಕಿನ ಮೇಲಿರಲಿಲ್ಲ, ಕಲ್ಲಿನ ಮೇಲಿತ್ತು.

ಅಜ್ಜನ ಕಸುಬು ಕ್ಷೌರ. ಮೊಮ್ಮಗನದೂ ಅದೇ, ಆದರೆ ಈಗ ಕನ್ನಡಿ, ತಿರುಗುವ ಕುರ್ಚಿ ಎಲ್ಲಾ ಇರೋ ಸಲೂನು. ಅವನಿಗೆ ಸಾಣೆಕಲ್ಲು ಯಾಕೆ ಬೇಕು ಹೇಳಿ?

ಹಿಂದೆ ಹಾಗಿರಲಿಲ್ಲ ಸ್ವಾಮಿ. ಊರಿನ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ಹಡಪ ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆಗೆ ಹೋಗಬೇಕು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ತರಬೇಕು. ಕತ್ತಿ ಮೊಂಡಾದರೆ ಗೌಡರ ಗಲ್ಲದಲ್ಲಿ ರಕ್ತ, ಇವನ ಕಿವಿಗೆ ಬೈಗುಳ. ಅದಕ್ಕೇ ಕತ್ತಿಯನ್ನು ಬೇಕಾದರೆ ಇನ್ನೊಬ್ಬನಿಗೆ ಕೊಟ್ಟಾನು, ಕಲ್ಲನ್ನು ಮಾತ್ರ ಕೊಡ್ತಿರಲಿಲ್ಲ.

ಕಲ್ಲಿಗೆ ಮೊದಲ ಏಟು ಹಾಕಿದ್ದು ಅಮೆರಿಕದ ಜಿಲೆಟ್. 1904ರಲ್ಲಿ ಅವನ ಸೇಫ್ಟಿ ರೇಜರಿಗೆ ಪೇಟೆಂಟು ಸಿಕ್ಕಿತು. ನಮ್ಮ ಸಲೂನುಗಳಿಗೆ ಬ್ಲೇಡು ಮುರಿದು ಅರ್ಧ ಸಿಕ್ಕಿಸುವ ಕತ್ತಿ ಬಂತು. 1986ರಲ್ಲಿ ಈ ದೇಶದಲ್ಲಿ ಎಚ್‌ಐವಿ ಪತ್ತೆಯಾದ ಮೇಲಂತೂ "ಹೊಸ ಬ್ಲೇಡು ಹಾಕಪ್ಪಾ" ಅನ್ನದೆ ಕುರ್ಚಿ ಮೇಲೆ ಕೂರೋರೇ ಇಲ್ಲ. ಅದು ಸರಿಯೂ ಹೌದು. ಒಬ್ಬರಿಗೆ ಹಾಕಿದ ಕತ್ತಿ ಇನ್ನೊಬ್ಬರಿಗೆ ಹಾಕಬಾರದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈಗ ಗಾಳಿ ತಿರುಗಿದೆ. ಪಟ್ಟಣಗಳಲ್ಲಿ ತಮ್ಮ ಗಡ್ಡ ತಾವೇ ಹಳೇ ಕತ್ತಿಯಲ್ಲಿ ತೆಗೆಯೋ ಶೋಕಿಯವರು ಹುಟ್ಟಿಕೊಂಡಿದ್ದಾರೆ. ಅವರಿಗೆ ಹಳೇ ಕಲ್ಲು ಅಂದರೆ ಹುಚ್ಚು. ಚೀಟಿ ಸಮೇತ ಸಿಕ್ಕ ಜರ್ಮನಿಯ ಎಷರ್ ಕಲ್ಲಿಗೆ ಹತ್ತಾರು ಸಾವಿರ ರೂಪಾಯಿ ಎಣಿಸುತ್ತಾರೆ. ನಮ್ಮೂರಲ್ಲಿ ಚರಂಡಿ ಪಕ್ಕ!

ಹಾಗಂತ ಕಂಡ ಕಲ್ಲೆಲ್ಲ ಬಂಗಾರ ಅಂತ ತಿಳೀಬೇಡಿ. ನಮ್ಮ ಕಡೆ ಸಾಮಾನ್ಯವಾಗಿ ಕೈಗೆ ಸಿಗೋದು ಕಾರ್ಬೊರಂಡಂ. ಕಪ್ಪು ಇಲ್ಲವೇ ಬೂದು ಬಣ್ಣ, ಬಿಸಿಲಿಗೆ ಹಿಡಿದರೆ ಮಿಣಮಿಣ, ಒಂದು ಮೈ ಒರಟು, ಇನ್ನೊಂದು ನಯ. ಇದು ನೆಲದಿಂದ ಅಗೆದದ್ದಲ್ಲ, ಕುಲುಮೆಯಲ್ಲಿ ಹುಟ್ಟಿದ್ದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚಿಸನ್ ಎಂಬಾತ ಕೃತಕ ವಜ್ರ ಮಾಡಹೊರಟು ಜೇಡಿಮಣ್ಣು, ಕೋಕು ಸೇರಿಸಿ ವಿದ್ಯುತ್ತಿನಲ್ಲಿ ಕಾಯಿಸಿದ. ವಜ್ರ ಬರಲಿಲ್ಲ, ಇದು ಬಂತು. ಕಾರ್ಬನ್ನೂ ಕೊರಂಡಮ್ಮೂ ಕೂಡಿದೆ ಅಂತ ತಪ್ಪು ತಿಳಿದು ಆ ಹೆಸರಿಟ್ಟ. ತಮಾಷೆ ನೋಡಿ, ಕೊರಂಡಂ ಅನ್ನೋ ಮಾತು ಇಲ್ಲಿಂದಲೇ ಹೋದದ್ದು. ತಮಿಳಿನಲ್ಲಿ ಕುರುಂದಂ, ಸಂಸ್ಕೃತದಲ್ಲಿ ಕುರುವಿಂದ. ಆ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆ ಚಕ್ರ ಮಾಡುತ್ತಿದ್ದವರು ನಮ್ಮವರೇ. ಹೆಸರು ಹಡಗು ಹತ್ತಿ ಹೋಗಿ ಬೇರೆ ವೇಷ ಹಾಕಿಕೊಂಡು ವಾಪಸು ಬಂತು. 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಂ ಯೂನಿವರ್ಸಲ್ ಕಂಪನಿಯೇ ಶುರುವಾಯಿತು.

ಶೋಕಿಯವರು ಹುಡುಕೋದು ಗಣಿಯ ಕಲ್ಲು. ಬೆಲ್ಜಿಯಂ ದೇಶದ ಆರ್ಡೆನ್ ಗುಡ್ಡಗಳ ಕೊಟಿಕ್ಯೂಲ್ ಬೆಣ್ಣೆ ಬಣ್ಣದ್ದು. ಬೆನ್ನಿಗೆ ನೀಲಿಗಪ್ಪು ಸ್ಲೇಟು ಅಂಟಿರುತ್ತದೆ. ಯಾರೋ ಎರಡು ಕಲ್ಲು ಅಂಟಿಸಿದ್ದಾರೆ ಅಂತ ಕಿತ್ತು ಹಾಕಬೇಡಿ, ಮೆತ್ತನೆ ಹಳದಿ ಮೈಗೆ ಅದೇ ಆಸರೆ. ಅದರೊಳಗಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳೇ ಉಕ್ಕನ್ನು ಮಸೆಯೋದು. ಜರ್ಮನಿಯ ತುರಿಂಗಿಯಾ ಸೀಮೆಯದು ಎಷರ್. ಬೂದುನೀಲಿ ಅಥವಾ ಹಳದಿಹಸಿರು ಸ್ಲೇಟು. ತುದಿಯಲ್ಲಿ ಕಾಗದದ ಚೀಟಿ ಉಳಿದಿದ್ದರೆ ಅದನ್ನು ನೀರಿಗೆ ತಾಗಿಸಬೇಡಿ, ಅರ್ಧ ಬೆಲೆ ಅದಕ್ಕೇ.

ಪರೀಕ್ಷೆ ಹೇಗೆ? ಮೊದಲು ಹಳೇ ಎಣ್ಣೆ ಜಿಡ್ಡನ್ನು ಸೀಮೆಎಣ್ಣೆ, ಆಮೇಲೆ ಸೋಪು ಹಾಕಿ ಚೆನ್ನಾಗಿ ತೆಗೀಬೇಕು. ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ಸರ್ರನೆ ಕುಡಿದರೆ ಕುಲುಮೆಯ ಕಲ್ಲು, ಹನಿ ಹಾಗೇ ನಿಂತರೆ ಗಣಿಯದು ಇರಬಹುದು. ಉಗುರಿಗೆ ಗೀರು ಬಿದ್ದರೆ ಬಳಪದ ಕಲ್ಲು. ನಮ್ಮ ತಾಲ್ಲೂಕಿನ ಪಕ್ಕದಲ್ಲೇ ಅಮೃತಾಪುರದ ಗುಡಿ ಇದೆಯಲ್ಲ, 1196ರದ್ದು, ಅದನ್ನು ಕೆತ್ತಿದ್ದು ಇಂಥ ಕಲ್ಲಿನಲ್ಲೇ. ಶಿಲ್ಪಿಗೆ ವರ, ಕ್ಷೌರಿಕನಿಗೆ ಕಸ. ಅದರಲ್ಲಿ ಕತ್ತಿ ಜಾರುತ್ತೆ ಅಷ್ಟೇ.

ಇನ್ನೊಂದು ಮೋಸ ಇದೆ. ಅದರಲ್ಲಿ ಈ ಬರೆಯೋನೇ ಬಿದ್ದಿದ್ದಾನೆ. ಬೆಂಗಳೂರಿನ ಒಂದು ಹಳೇ ಸಾಮಾನಿನ ಸಂತೆಯಲ್ಲಿ "ಜರ್ಮನಿ ಮಾಲು ಸಾರ್" ಅಂದ ಒಬ್ಬ. ಆರುನೂರು ಕೊಟ್ಟು ತಂದೆ. ಮನೆಯಲ್ಲಿ ಬೆನ್ನಿಗೆ ಬಚ್ಚಲು ತೊಳೆಯೋ ಆ್ಯಸಿಡ್ ಒಂದು ಹನಿ ಬಿಟ್ಟರೆ ಬುಸ್ ಅಂತ ನೊರೆ! ಕಡಪ ಕಲ್ಲು, ಅಂದರೆ ಕಪ್ಪು ಸುಣ್ಣಕಲ್ಲು. ಅಡುಗೆಮನೆ ಕಟ್ಟೆಯದೇ ತುಂಡು. ಹೆಂಡತಿ ಈಗ ಅದರ ಮೇಲೆ ಶುಂಠಿ ಜಜ್ಜುತ್ತಾಳೆ.

ಸವೆತವನ್ನೂ ನೋಡಬೇಕು. ಕ್ಷೌರದ ಕತ್ತಿಯ ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ಒಟ್ಟಿಗೆ ಒರಗಿಸಿ, ಬಾಯಿ ಮುಂದಾಗಿ ಎಳೆಯುತ್ತಾರೆ. ತಿರುಗಿಸುವಾಗ ಬೆನ್ನಿನ ಮೇಲೇ ತಿರುಗಿಸಬೇಕು. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಮಾತ್ರ ಬೆನ್ನು ಮುಂದೆ. ಹೀಗೆ ಬಾಳಿದ ಕಲ್ಲು ನಡುವೆ ತಟ್ಟೆಯ ಹಾಗೆ ಹಗುರಾಗಿ ತಗ್ಗಿರುತ್ತದೆ. ಗೀರು, ಕಾಲುವೆ ಬಿದ್ದಿದ್ದರೆ ಯಾರೋ ಅಡಿಕೆ ಕತ್ತಿ, ಕುಡುಗೋಲು ಮಸೆದಿದ್ದಾರೆ ಅಂತ ಅರ್ಥ. ಎಷ್ಟೋ ಒಳ್ಳೆ ಕಲ್ಲು ಸತ್ತದ್ದು ಹೀಗೇ, ತೋಟದ ಮನೆಗಳಲ್ಲಿ. ತಗ್ಗನ್ನು ಮಟ್ಟ ಮಾಡುವಾಗ ನೀರು ಹಾಕಿಯೇ ಉಜ್ಜಬೇಕು. ಒಣ ಧೂಳು ಎದೆಗೆ ಕೆಟ್ಟದ್ದು.

ಚರಂಡಿ ಪಕ್ಕದ ಕಲ್ಲನ್ನು ಎತ್ತಿಕೊಂಡು ನಲ್ಲಿಯಲ್ಲಿ ತೊಳೆದೆವು, ಮೊಮ್ಮಗನೇ ಸೋಪು ತಂದ. ಅವನಿಗೂ ಆಸೆ, "ಬೆಲ್ಜಿಯಂದಾ ಸಾರ್?" ಅಂತ. ಒರೆಸಿ, ಒಣಗಿಸಿ, ಒಂದು ಹನಿ ಬಿಟ್ಟೆವು. ಸರ್ರನೆ ಇಂಗಿತು. ಕಾರ್ಬೊರಂಡಂ. ಇಂಥ ಸವೆದ ಕಲ್ಲಿಗೆ ಸಂತೆಯಲ್ಲಿ ಐವತ್ತು ರೂಪಾಯಿ ಹುಟ್ಟೋದೂ ಕಷ್ಟ ಅಂದೆ. ಹುಡುಗನ ಮುಖ ಸಣ್ಣದಾಯಿತು.

ಅಜ್ಜ ಕೈ ಚಾಚಿದರು. ಕಲ್ಲನ್ನು ತೊಡೆ ಮೇಲಿಟ್ಟುಕೊಂಡು ನಡುವಿನ ತಗ್ಗಿನಲ್ಲಿ ಹೆಬ್ಬೆರಳು ಆಡಿಸಿದರು. "ಇದು ತರುವಾಗ ಮಟ್ಟ ಇತ್ತು ಕಣೋ" ಅಂದರು. ಮೊಮ್ಮಗ ಗಾಡಿಯವನ ಹಿಂದೆ ಓಡಿದ. ಕತ್ತಿ ಎರಡೂ ವಾಪಸು ಸಿಕ್ಕವು. ಚರ್ಮದ ಪಟ್ಟಿ ಮಾತ್ರ ಗಾಡಿಯವನು ಅಷ್ಟರಲ್ಲೇ ತನ್ನ ಚಕ್ರಕ್ಕೆ ಬಿಗಿದುಬಿಟ್ಟಿದ್ದ.