ಇಬ್ಲೀಸನ ಉತ್ತರ, ಆದಮನ ಉತ್ತರ

‘ಸೈತಾನ’ ಎಂಬ ಶಬ್ದ ಕನ್ನಡದ ಆಡುಮಾತಿಗೆ ಅಪರಿಚಿತವಲ್ಲ. ಹೇಳಿದ ಮಾತು ಕೇಳದ ಹುಡುಗನನ್ನು ಗದರಿಸುವಾಗ ಅದು ತಾನಾಗಿ ಬಾಯಿಗೆ ಬರುತ್ತದೆ. ಆದರೆ ಆ ಶಬ್ದದ ಹಿಂದಿರುವ ಕಥೆಯನ್ನು ಸಾಹಿತ್ಯಾಸಕ್ತರಾದ ನಮ್ಮಲ್ಲಿ ಬಹುಮಂದಿ ತಿಳಿದದ್ದು ಬೈಬಲ್ಲಿನಿಂದ, ಇಲ್ಲವೆ 1667ರಲ್ಲಿ ಪ್ರಕಟವಾದ ಮಿಲ್ಟನ್ ಕವಿಯ ಮಹಾಕಾವ್ಯದಿಂದ. ಒಂದು ತೋಟ, ಒಂದು ನಿಷಿದ್ಧ ಫಲ, ಒಂದು ಹಾವು, ಒಬ್ಬ ಹೆಂಗಸು. ಇಷ್ಟು ಹೇಳಿದರೆ ಕಥೆ ಮುಗಿಯಿತೆಂದು ಭಾವಿಸುತ್ತೇವೆ. ಇದೇ ಕಥೆ ಇಸ್ಲಾಮಿನ ಧರ್ಮಗ್ರಂಥವಾದ ಕುರಾನಿನಲ್ಲಿಯೂ ಇದೆ. ಅಲ್ಲಿ ಹಾವಿಲ್ಲ, ಹೆಂಗಸಿನ ಮೇಲೆ ಪ್ರತ್ಯೇಕವಾದ ಆರೋಪವಿಲ್ಲ, ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಪಾಪವೂ ಇಲ್ಲ. ಇವು ಯಾವುವೂ ಇಲ್ಲದೆ ಆ ಕಥೆಯಲ್ಲಿ ಉಳಿಯುವುದೇನು ಎಂಬುದೇ ಇಂದಿನ ನನ್ನ ವಿಷಯ.

ಕುರಾನ್ ಈ ಕಥೆಯನ್ನು ಒಂದೇ ಕಡೆ ಆದ್ಯಂತವಾಗಿ ಹೇಳುವುದಿಲ್ಲ. 2, 7, 15, 17, 18, 20 ಮತ್ತು 38ನೆಯ ಅಧ್ಯಾಯಗಳಲ್ಲಿ ಅದು ಹರಡಿಕೊಂಡಿದೆ. ಒಂದೆಡೆ ಬಿಟ್ಟದ್ದನ್ನು ಇನ್ನೊಂದೆಡೆ ತುಂಬುತ್ತ, ಪ್ರತಿಸಲವೂ ಒಂದೆರಡು ಹೊಸ ವಿವರಗಳನ್ನು ಕೂಡಿಸುತ್ತ ಹೋಗುತ್ತದೆ. ಕೇಳುವವರಿಗೆ ಕಥೆ ಗೊತ್ತು, ಅದರ ಅರ್ಥವನ್ನು ನೆನಪಿಸಿದರೆ ಸಾಕು ಎಂಬ ರೀತಿ ಅದು.

ಕಥೆ ಆರಂಭವಾಗುವುದು ತೋಟದಲ್ಲಲ್ಲ, ದೇವಸನ್ನಿಧಿಯಲ್ಲಿ. ಭೂಮಿಯ ಮೇಲೆ ಒಬ್ಬ ಪ್ರತಿನಿಧಿಯನ್ನು ನೇಮಿಸುವುದಾಗಿ ದೇವರು ದೇವದೂತರಿಗೆ ತಿಳಿಸುತ್ತಾನೆ. ಅಲ್ಲಿ ಕೇಡು ಹಬ್ಬಿಸಿ ರಕ್ತ ಹರಿಸುವಂಥವನನ್ನೇ ನೇಮಿಸುವೆಯಾ ಎಂದು ಅವರು ಕೇಳುತ್ತಾರೆ. ನೀವು ಅರಿಯದ್ದನ್ನು ನಾನು ಬಲ್ಲೆ ಎಂಬುದು ದೇವರ ಉತ್ತರದ ಸಾರ. ಅನಂತರ ದೇವರು ಆದಮನಿಗೆ ಎಲ್ಲದರ ಹೆಸರುಗಳನ್ನು ಕಲಿಸುತ್ತಾನೆ. ದೇವದೂತರಿಗೆ ತಿಳಿಯದ ಆ ಹೆಸರುಗಳನ್ನು ಆದಮ ಹೇಳುತ್ತಾನೆ. ಮನುಷ್ಯನ ಮೊದಲ ಹಿರಿಮೆ ಭಾಷೆ ಎಂಬುದು ಭಾಷೆಯ ಪಾಠ ಹೇಳಿ ಬದುಕಿದ ನನ್ನಂಥವನಿಗೆ ಸಂತೋಷದ ಸಂಗತಿ. ಆಮೇಲೆ ಆದಮನಿಗೆ ತಲೆಬಾಗಿರೆಂದು ಆಜ್ಞೆಯಾಗುತ್ತದೆ. ಎಲ್ಲರೂ ಬಾಗುತ್ತಾರೆ, ಇಬ್ಲೀಸನೊಬ್ಬನನ್ನು ಬಿಟ್ಟು. ಅವನು ಜಿನ್ನರ ವರ್ಗಕ್ಕೆ ಸೇರಿದವನೆಂದು 18ನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಏಕೆ ಬಾಗಲಿಲ್ಲವೆಂದು ಕೇಳಿದಾಗ ಅವನು ಕೊಡುವ ಕಾರಣ, ತಾನು ಬೆಂಕಿಯಿಂದಾದವನು, ಆದಮನಾದರೋ ಮಣ್ಣಿನಿಂದಾದವನು, ಆದ್ದರಿಂದ ತಾನೇ ಮೇಲು ಎಂಬುದು.

ಈ ಕಾರಣವನ್ನು ನಾವು ತುಸು ನಿಂತು ನೋಡಬೇಕು. ಇಬ್ಲೀಸ್ ದೇವರಿಲ್ಲವೆಂದು ಹೇಳಿದವನಲ್ಲ; ದೇವರ ಶಕ್ತಿಯನ್ನು ಶಂಕಿಸಿದವನೂ ಅಲ್ಲ. ಅವನು ಮುಂದಿಟ್ಟದ್ದು ಹುಟ್ಟಿನ ವಾದ. ಎದುರಿಗೆ ನಿಂತವನು ಏನನ್ನು ಬಲ್ಲ, ಏನಾಗಬಲ್ಲ ಎಂಬುದನ್ನು ನೋಡದೆ, ಅವನು ಯಾವುದರಿಂದ ಬಂದ ಎಂಬುದನ್ನಷ್ಟೇ ನೋಡಿ ಮೇಲು ಕೀಳುಗಳನ್ನು ತೀರ್ಮಾನಿಸಿದ. ಜಗತ್ತಿನ ಮೊದಲ ಪಾಪ ಯಾವುದೆಂದು ಕೇಳಿದರೆ ಈ ಕಥೆಯ ಪ್ರಕಾರ ಹಣ್ಣು ತಿಂದದ್ದಲ್ಲ, ಇದು. 14ನೆಯ ಶತಮಾನದ ವ್ಯಾಖ್ಯಾನಕಾರ ಇಬ್ನ್ ಕಸೀರ್ ಇಬ್ಲೀಸನ ಲೆಕ್ಕವೇ ತಪ್ಪೆಂದು ತೋರಿಸುತ್ತಾನೆ. ಮಣ್ಣಿಗೆ ತಾಳ್ಮೆ, ಸ್ಥಿರತೆ, ಬೆಳೆಯಿಸುವ ಗುಣ ಉಂಟು. ಬೆಂಕಿಗೆ ಇರುವುದು ಸುಡುವ ಗುಣ, ಆತುರ. ಹುಟ್ಟಿನ ವಾದ ಎಷ್ಟು ಹಳೆಯದು, ಎಷ್ಟು ಗಟ್ಟಿ ಜೀವದ್ದು ಎಂಬುದನ್ನು ಈ ದೇಶದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಹಿಷ್ಕೃತನಾದ ಇಬ್ಲೀಸ್ ಪುನರುತ್ಥಾನದ ದಿನದವರೆಗೆ ಅವಧಿ ಬೇಡುತ್ತಾನೆ, ಅವಧಿ ದೊರೆಯುತ್ತದೆ. ಮನುಷ್ಯರನ್ನು ಮುಂದಿನಿಂದ, ಹಿಂದಿನಿಂದ, ಬಲದಿಂದ, ಎಡದಿಂದ ಬಂದು ದಾರಿ ತಪ್ಪಿಸುವೆನೆಂದು ಅವನು ಶಪಥ ಮಾಡುತ್ತಾನೆ. ಮೇಲಿನಿಂದ ಎಂಬ ಮಾತು ಮಾತ್ರ ಅವನ ಬಾಯಲ್ಲಿ ಬರುವುದಿಲ್ಲ. ಕರುಣೆ ಇಳಿಯುವ ದಿಕ್ಕು ಅದು ಎಂದು ಹಳೆಯ ವ್ಯಾಖ್ಯಾನಗಳು ಹೇಳುತ್ತವೆ. ಮಿಲ್ಟನ್ನನ ಸೈತಾನ ದೇವರ ಮೇಲೆ ಯುದ್ಧ ಸಾರಿದ ಸೇನಾನಿ. ಕುರಾನಿನ ಸೈತಾನ ದೇವರಿಗೆ ಪ್ರತಿಸ್ಪರ್ಧಿಯೇ ಅಲ್ಲ. ಅವಧಿಯನ್ನು ಕೂಡ ಬೇಡಿ ಪಡೆದವನು.

ಇನ್ನು ತೋಟದ ಪ್ರಸಂಗ. ಇಲ್ಲಿ ಒಂದು ಸೂಕ್ಷ್ಮವಿದೆ. ತಲೆಬಾಗಲು ನಿರಾಕರಿಸುವಾಗ ‘ಇಬ್ಲೀಸ್’ ಎನಿಸಿಕೊಂಡವನು ಆದಮನ ಬಳಿಗೆ ಬರುವಾಗ ‘ಸೈತಾನ’ನಾಗುತ್ತಾನೆ. ತಾನು ಕೆಟ್ಟಾಗ ಒಂದು ಹೆಸರು, ಇತರರನ್ನು ಕೆಡಿಸಲು ಹೊರಟಾಗ ಇನ್ನೊಂದು. ಅವನು ಮಾಡಿದ ಕೆಲಸಕ್ಕೆ ಕುರಾನ್ ಬಳಸುವ ಕ್ರಿಯಾಪದ ‘ವಸ್‌ವಸ’. ಕನ್ನಡದ ಗುಸುಗುಸು, ಪಿಸಪಿಸಗಳಂತೆ ಇದೂ ಧ್ವನಿಯನ್ನೇ ಅನುಕರಿಸಿ ಹುಟ್ಟಿದ ಮಾತು. ಆಭರಣಗಳು ಒಂದಕ್ಕೊಂದು ತಗುಲಿದಾಗ ಕೇಳಿಬರುವ ಸಣ್ಣ ಸದ್ದಿಗೂ ಅರಬ್ಬಿಯಲ್ಲಿ ಇದೇ ಹೆಸರು. ಪ್ರಲೋಭನೆಗೆ ಇದಕ್ಕಿಂತ ಉಚಿತವಾದ ಶಬ್ದ ದೊರೆಯುವುದು ಕಷ್ಟ. ಅದು ಆಜ್ಞೆ ಮಾಡುವುದಿಲ್ಲ, ಕೈಹಿಡಿದು ಎಳೆಯುವುದಿಲ್ಲ. ಮೆಲ್ಲಗೆ ಕಿವಿಯ ಬಳಿ ಸದ್ದು ಮಾಡುತ್ತದೆ, ಅಷ್ಟೆ.

ಆ ಪಿಸುಮಾತಿನ ಹುರುಳೇನು? ಆ ಮರವನ್ನು ದೇವರು ನಿಷೇಧಿಸಿದ್ದು ನೀವು ದೇವದೂತರೋ ಅಮರರೋ ಆಗಿಬಿಡುವಿರೆಂದು ಎಂದು ಒಂದೆಡೆ. ಅದು ಅಮರತ್ವದ ಮರ, ಅಳಿಯದ ರಾಜ್ಯದ ದಾರಿ ಎಂದು ಇನ್ನೊಂದೆಡೆ. ಆದಮನಿಗೆ ತೋಟದಲ್ಲಿ ಹಸಿವಿರಲಿಲ್ಲ, ಬಾಯಾರಿಕೆಯಿರಲಿಲ್ಲ, ಬಿಸಿಲಿನ ಬೇಗೆಯಿರಲಿಲ್ಲ. ಇದ್ದ ಸುಖವನ್ನು ಸೈತಾನ ಅಲ್ಲಗಳೆಯಲಿಲ್ಲ. ಅದು ಎಂದಾದರೂ ಮುಗಿದೀತು ಎಂಬ ಅಂಜಿಕೆಯನ್ನು ಬಿತ್ತಿದ. ತಾನು ಹಿತೈಷಿಯೆಂದು ಆಣೆಯನ್ನೂ ಇಟ್ಟ. ದೇವರ ಹೆಸರಿನಲ್ಲಿ ಸುಳ್ಳಾಣೆ ಇಡುವವರು ಇದ್ದಾರೆಂಬುದು ಆದಮನ ಕಲ್ಪನೆಗೇ ಬರಲಿಲ್ಲವೆಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ.

ಇಲ್ಲಿ ಮೋಸ ಹೋದವರು ಯಾರು? ಸಂಸ್ಕೃತದಂತೆ ಅರಬ್ಬಿಯಲ್ಲೂ ದ್ವಿವಚನವಿದೆ. 7ನೆಯ ಅಧ್ಯಾಯದ ಈ ಭಾಗ ದ್ವಿವಚನದಲ್ಲಿ ಸಾಗುತ್ತದೆ: ಪಿಸುಗುಟ್ಟಿದ್ದು ಇಬ್ಬರಿಗೂ, ಸವಿದದ್ದು ಇಬ್ಬರೂ, ಲಜ್ಜೆಯಿಂದ ಎಲೆ ಹೊದ್ದದ್ದೂ ಇಬ್ಬರೂ. ದ್ವಿವಚನವಿಲ್ಲದ ಕನ್ನಡದಲ್ಲಿ ನಾವು ಪ್ರತಿಸಲವೂ ‘ಅವರಿಬ್ಬರೂ’ ಎಂದು ಹೇಳಿಯೇ ತೀರಬೇಕು. 20ನೆಯ ಅಧ್ಯಾಯವಂತೂ ಆ ಮಾತು ಬಂದದ್ದು ಆದಮನಿಗೇ ಎನ್ನುತ್ತದೆ. ಆದಮನ ಮಡದಿಯ ಹೆಸರು ಕುರಾನಿನಲ್ಲಿ ಬರುವುದಿಲ್ಲ. ಹವ್ವಾ ಎಂಬ ಹೆಸರು ಪರಂಪರೆಯಿಂದ ಬಂದದ್ದು. ಮರಕ್ಕೂ ಹೆಸರಿಲ್ಲ, ಗೋಧಿ, ದ್ರಾಕ್ಷಿ, ಅಂಜೂರ ಎಂದೆಲ್ಲ ಊಹಿಸಿದವರು ಮುಂದಿನ ವಿದ್ವಾಂಸರು. ಹಾವಿನ ಬಾಯಲ್ಲಿ ಕುಳಿತು ಸೈತಾನ ತೋಟವನ್ನು ಹೊಕ್ಕ ಕಥೆಯನ್ನು, ಹವ್ವಾಳ ಮೇಲೆ ದೋಷ ಹೊರಿಸುವ ಕಥೆಗಳನ್ನು, 923ರಲ್ಲಿ ತೀರಿಕೊಂಡ ಇತಿಹಾಸಕಾರ ತಬರಿ ಸಂಗ್ರಹಿಸಿಟ್ಟಿದ್ದಾನೆ. ಜನಮನದಲ್ಲಿ ಅವು ಬೇರೂರಿದುವು. ಆದರೆ ಮೂಲಗ್ರಂಥದಲ್ಲಿ ಅವಿಲ್ಲ.

ಈಗ ಕಥೆಯ ಮರ್ಮಕ್ಕೆ ಬರೋಣ. ಇಬ್ಲೀಸನೂ ಆಜ್ಞೆ ಮೀರಿದ, ಆದಮನೂ ಮೀರಿದ. ಇಬ್ಬರನ್ನೂ ದೇವರು ಪ್ರಶ್ನಿಸಿದ. ಆದರೂ ಒಬ್ಬನು ಶಾಪಗ್ರಸ್ತನಾದ, ಇನ್ನೊಬ್ಬನನ್ನು ಇಸ್ಲಾಂ ಮೊದಲ ಪ್ರವಾದಿಯೆಂದು ಗೌರವಿಸುತ್ತದೆ. ಏಕೆ? ಆದಮ ಮರೆತ, ಅವನಲ್ಲಿ ದೃಢಸಂಕಲ್ಪ ಕಾಣಲಿಲ್ಲ ಎಂಬುದು ಒಂದು ಸಮಾಧಾನ, ಅದೂ ಕುರಾನಿನದೇ. ಆದರೆ ಮುಖ್ಯವಾದ ಅಂತರ ತಪ್ಪಿನಲ್ಲಿಲ್ಲ, ತಪ್ಪಿನ ಅನಂತರದ ಮಾತಿನಲ್ಲಿದೆ. ಇಬ್ಲೀಸ್ ತನ್ನನ್ನು ದಾರಿ ತಪ್ಪಿಸಿದವನು ದೇವರೇ ಎಂದು ಹೇಳಿ ಆ ಹೊಣೆಯನ್ನು ಮೇಲಕ್ಕೆ ಎಸೆದ. ಆದಮನೂ ಅವನ ಮಡದಿಯೂ ಅನ್ಯಾಯ ಮಾಡಿಕೊಂಡವರು ತಾವೇ ಎಂದು ಒಪ್ಪಿ, ಕ್ಷಮೆಯಿಲ್ಲದಿದ್ದರೆ ತಮಗೆ ಗತಿಯಿಲ್ಲವೆಂದು ಬೇಡಿದರು. ಸೈತಾನ ಮೋಸ ಮಾಡಿದನೆಂದು ಅವರು ದೂರಬಹುದಿತ್ತು; ಅದು ನಿಜವೂ ಆಗಿತ್ತು. ಗಂಡ ಹೆಂಡತಿಯನ್ನೋ ಹೆಂಡತಿ ಗಂಡನನ್ನೋ ತೋರಿಸಬಹುದಿತ್ತು. ಅದಾವುದನ್ನೂ ಮಾಡಲಿಲ್ಲ.

ಈ ಎರಡು ಉತ್ತರಗಳನ್ನು ಎದುರುಬದುರಾಗಿ ಇಟ್ಟು ತೋರಿಸಿದವನು 13ನೆಯ ಶತಮಾನದ ಸೂಫಿ ಕವಿ ರೂಮಿ. ಆದಮನಿಗೆ ದೊರೆತದ್ದು ‘ತೌಬಾ’. ಪಶ್ಚಾತ್ತಾಪವೆಂದು ನಾವು ಅನುವಾದಿಸುತ್ತೇವೆ, ಮೂಲಾರ್ಥ ಹಿಂದಿರುಗುವುದು. ಅದೇ ಧಾತುವನ್ನು ಕುರಾನ್ ದೇವರಿಗೂ ಬಳಸುತ್ತದೆ: ಮನುಷ್ಯ ತಿರುಗಿ ಬರುತ್ತಾನೆ, ದೇವರೂ ಅವನತ್ತ ತಿರುಗುತ್ತಾನೆ. ಅಷ್ಟೇ ಅಲ್ಲ, ಬೇಡಿಕೊಳ್ಳುವ ಮಾತುಗಳನ್ನು ಆದಮ ಪಡೆದದ್ದೂ ದೇವರಿಂದಲೇ ಎಂದು 2ನೆಯ ಅಧ್ಯಾಯ ಹೇಳುತ್ತದೆ. ಇಬ್ಲೀಸ್ ಎಂಬ ಹೆಸರನ್ನಾದರೋ ಅರಬ್ಬಿ ನಿಘಂಟುಕಾರರು ಆಶೆಗೆಡುವುದು ಎಂಬ ಅರ್ಥದ ಧಾತುವಿನಿಂದ ಬಿಡಿಸುತ್ತಾರೆ. ಗ್ರೀಕ್ ಮೂಲದ್ದೆಂಬುದು ಅನೇಕ ಆಧುನಿಕ ವಿದ್ವಾಂಸರ ಮತ. ಹೇಗಿದ್ದರೂ ಹಳಬರು ಆ ಹೆಸರಿನಲ್ಲಿ ಕೇಳಿಸಿಕೊಂಡದ್ದು ನಿರಾಶೆಯನ್ನು.

ತಪ್ಪು ಕ್ಷಮಿಸಲ್ಪಟ್ಟ ಮೇಲೆ ಮಕ್ಕಳು ಹೊರಲು ಉಳಿಯುವುದೇನು? ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬುದು ಕುರಾನ್ ಮತ್ತೆ ಮತ್ತೆ ಸಾರುವ ತತ್ತ್ವ. ಆದಮ ಭೂಮಿಗೆ ಇಳಿದದ್ದು ನಿಜ. ಆದರೆ ಅವನನ್ನು ಮೊದಲೇ ಗೊತ್ತುಮಾಡಿದ್ದು ಭೂಮಿಗೇ ಎಂಬುದನ್ನು ಮರೆಯುವಂತಿಲ್ಲ. ಕವಿ ಇಕ್ಬಾಲರು 1929ರ ಜನವರಿಯಲ್ಲಿ ಮದರಾಸಿನಲ್ಲಿ ಉಪನ್ಯಾಸಗಳನ್ನು ಮಾಡಿ, ಅದೇ ಪ್ರವಾಸದಲ್ಲಿ ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ಬಂದಿದ್ದರು. 1930ರಲ್ಲಿ ಗ್ರಂಥರೂಪದಲ್ಲಿ ಬಂದ ಅವರ ಉಪನ್ಯಾಸಗಳಲ್ಲಿ ಈ ಕಥೆಯ ವಿವೇಚನೆಯಿದೆ. ಮನುಷ್ಯನ ಮೊದಲ ಅವಿಧೇಯತೆಯೇ ಅವನ ಮೊದಲ ಸ್ವತಂತ್ರ ಆಯ್ಕೆ, ಆದ್ದರಿಂದಲೇ ಅದು ಕ್ಷಮೆಗೆ ಪಾತ್ರವಾಯಿತು ಎಂಬುದು ಅವರ ಅಭಿಪ್ರಾಯ.

ಆಯ್ಕೆ ಮನುಷ್ಯನದಾದರೆ ಸೈತಾನನ ಅಧಿಕಾರವೆಷ್ಟು? 14ನೆಯ ಅಧ್ಯಾಯದಲ್ಲಿ ಇದಕ್ಕೆ ಅವನದೇ ಸಾಕ್ಷ್ಯವಿದೆ. ತೀರ್ಪಿನ ದಿನ ತನ್ನ ಹಿಂಬಾಲಕರಿಗೆ ಅವನು ಹೇಳುವುದರ ಸಾರಾಂಶ ಇಷ್ಟು: ನಿಮ್ಮ ಮೇಲೆ ನನಗೆ ಯಾವ ಬಲವೂ ಇರಲಿಲ್ಲ, ನಾನು ಕರೆದೆ, ನೀವು ಬಂದಿರಿ, ದೂಷಿಸುವುದಾದರೆ ನಿಮ್ಮನ್ನೇ ದೂಷಿಸಿಕೊಳ್ಳಿ. ತನ್ನ ಹೊಣೆಯನ್ನು ದೇವರಿಗೆ ಹೊರಿಸಿದವನು ಕೊನೆಗೆ ಇತರರ ಹೊಣೆಯನ್ನು ತಾನು ಹೊರಲು ಒಪ್ಪುವುದಿಲ್ಲ. ಜೀವನದುದ್ದಕ್ಕೂ ಎಲ್ಲಕ್ಕೂ ಸೈತಾನನನ್ನು ಬೈದವರಿಗೆ ಇದಕ್ಕಿಂತ ಕಠಿಣವಾದ ಮಾತು ಇನ್ನಾವುದಿದೆ?

ಸೂಫಿಗಳಲ್ಲಿ ಕೆಲವರು ಇಬ್ಲೀಸನನ್ನು ಮರುಕದಿಂದಲೂ ನೋಡಿದರು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಹಲ್ಲಾಜನ ಬರಹದಲ್ಲಿ ಅವನು ದೇವರಲ್ಲದೆ ಬೇರೊಬ್ಬರಿಗೆ ಬಾಗಲೊಲ್ಲದ ಪ್ರೇಮಿ. ರೂಮಿಯ ಮಸ್ನವಿಯಲ್ಲಿ ಬರುವ ಒಂದು ಪ್ರಸಂಗ ನಮಗೆ ಹೆಚ್ಚು ಹತ್ತಿರದ್ದು. ಅರಮನೆಯಲ್ಲಿ ಮಲಗಿದ್ದ ಮುಆವಿಯಾನನ್ನು ಯಾರೋ ಪ್ರಾರ್ಥನೆಯ ವೇಳೆಗೆ ಎಬ್ಬಿಸುತ್ತಾರೆ. ನೋಡಿದರೆ ಇಬ್ಲೀಸ್! ಕಳ್ಳನು ಕಾವಲುಗಾರನ ಕೆಲಸ ಮಾಡುವುದುಂಟೇ ಎಂದು ಮುಆವಿಯಾ ಬಿಡದೆ ಕೇಳಿದಾಗ ನಿಜ ಹೊರಬೀಳುತ್ತದೆ. ಪ್ರಾರ್ಥನೆ ತಪ್ಪಿದ್ದರೆ ಅವನು ಎದೆಯೊಡೆದು ನಿಟ್ಟುಸಿರಿಡುತ್ತಿದ್ದ. ಆ ಒಂದು ನಿಟ್ಟುಸಿರು ನೂರಾರು ಪ್ರಾರ್ಥನೆಗಳಿಗಿಂತ ಮಿಗಿಲಾಗುತ್ತಿತ್ತು. ಅದನ್ನು ತಡೆಯಲೆಂದೇ ಇಬ್ಲೀಸ್ ಎಬ್ಬಿಸಿದ. ಮನುಷ್ಯ ತಪ್ಪುವುದಕ್ಕಿಂತಲೂ ತಪ್ಪಿದ ಮೇಲೆ ಅವನಿಗೆ ನೋವಾಗುವುದನ್ನು ಅವನು ಹೆಚ್ಚು ಅಂಜುತ್ತಾನೆ.

ಕುರಾನಿನ ಆರಂಭದ ಹಾಳೆಗಳಲ್ಲಿಯೇ ಆದಮನ ಕಥೆ ಬರುತ್ತದೆ. ಅದರ ಕೊನೆಯ, ಅಂದರೆ 114ನೆಯ ಅಧ್ಯಾಯ, ಎದೆಗಳಲ್ಲಿ ಪಿಸುಗುಟ್ಟಿ ಹಿಂದೆ ಸರಿಯುವವನಿಂದ ರಕ್ಷಣೆ ಕೋರುವ ಪುಟ್ಟ ಪ್ರಾರ್ಥನೆ. ಅಲ್ಲಿ ಇನ್ನೂ ಒಂದು ಮಾತಿದೆ: ಹಾಗೆ ಪಿಸುಗುಟ್ಟುವವರು ಜಿನ್ನರಲ್ಲಿಯೂ ಇರುತ್ತಾರೆ, ಮನುಷ್ಯರಲ್ಲಿಯೂ ಇರುತ್ತಾರೆ. ಆ ಸದ್ದು ಕಿವಿಗೆ ಬೀಳದಂತೆ ಬದುಕುವುದು ಯಾರಿಗೂ ಸಾಧ್ಯವಾಗಿಲ್ಲ, ಮೊದಲ ಮನುಷ್ಯನಿಗೂ ಸಾಧ್ಯವಾಗಲಿಲ್ಲ. ನಮ್ಮನ್ನು ಯಾರಾದರೂ ಏಕೆ ಹೀಗೆ ಮಾಡಿದೆ ಎಂದು ಕೇಳಿದಾಗ ಬಾಯಿಗೆ ಮೊದಲು ಬರುವುದು ಇಬ್ಲೀಸನ ಉತ್ತರವೋ ಆದಮನ ಉತ್ತರವೋ ಎಂದು ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಆ ಕಥೆಯನ್ನು ನಂಬುವವರಿಗೂ, ಅದನ್ನು ಕಥೆಯೆಂದೇ ಓದುವ ನನ್ನಂಥವರಿಗೂ, ಇಷ್ಟು ಸಾಕು.